ಹೈದರಾಲಿಯ ಸೇನಾಜೀವನ ಮತ್ತು ಚಿಕ್ಕಬಳ್ಳಾಪುರ ಸೀಮೆ

ಕ್ರಿ.ಶ. ೧೭೮೨ನೆಯ ಡಿಸೆಂಬರ್ ತಿಂಗಳಲ್ಲಿ ಚಿತ್ತೂರಿನ ಬಳಿಯ ಸೈನ್ಯದ ಬೀಡೊಂದರಿಂದ ದೊಡ್ಡದೊಂದು ಪೆಟ್ಟಿಗೆ ರಾತ್ರಿಯ ವೇಳೆ ಹೊರಟು ಕೋಲಾರದ ಕಡೆಗೆ ಸಾಗಿತು. ಅದರ ಸುತ್ತಲೂ ಇದ್ದ ಕಾವಲು, ಖಜಾನೆಯ ಹಣವನ್ನು ಸಾಗಿಸುವಾಗ ಇರುತ್ತಿದ್ದಂತಹ ಕಾವಲೇ. ಕಂಡವರು ಹಣವೆಂದೇ ತಿಳಿದರು. ಅದರಲ್ಲಿ ಸುಗಂಧದ್ರವ್ಯಗಳ ನಡುವೆ ಇದ್ದುದು ಹೈದರಾಲಿಯ ಶವ. ಯುವರಾಜನಾದ ಟಿಪ್ಪು ಮಲೆಯಾಳದಿಂದ ಬಂದು ಸೇರುವವರೆಗೆ ಒಡೆಯನು ಬದುಕಿದ್ದಾನೆಂದೇ ಸೈನ್ಯವು ನಂಬಿರಬೇಕೆಂದು ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಅಧಿಕಾರಿಗಳು ಈ ಉಪಾಯವನ್ನು ಹೂಡಿದ್ದರು. ಶವವು ಕೋಲಾರದಲ್ಲಿ ಅವನ ತಂದೆ ಫತೇಮಹಮ್ಮದನ ಗೋರಿಯ ಬಳಿ ಕೆಲವು ಕಾಲ ಇದ್ದು, ಬಳಿಕ ಶ್ರೀರಂಗಪಟ್ಟಣದ ಗುಂಬಜಿಗೆ ಸೇರಿತು.

ದಕ್ಷಿಣ ಭಾರತದ ಮೂರು ಪ್ರಬಲ ಶಕ್ತಿಗಳನ್ನು ಮೂವತ್ತು ವರ್ಷ ಎದುರಿಸಿದ ಸೇನಾಪತಿಯೊಬ್ಬನು ತಾನು ಹುಟ್ಟಿದ ನಾಡಿಗೆ ಹೀಗೆ ಗುಟ್ಟಾಗಿ ಮರಳಿದುದು ಕೇವಲ ಆಕಸ್ಮಿಕವೆಂದು ತೋರಬಹುದು. ಆದರೆ ಅವನ ಜೀವನವನ್ನು ಪರಿಶೀಲಿಸಿದಷ್ಟೂ ಆ ನಾಡಿನೊಡನೆ ಅವನಿಗಿದ್ದ ಸಂಬಂಧ ಗಾಢವಾದುದೆಂಬುದು ಸ್ಪಷ್ಟವಾಗುತ್ತದೆ. ಅವನು ಹುಟ್ಟಿದುದು ಕೋಲಾರದ ಬಳಿಯ ಬೂದಿಕೋಟೆಯಲ್ಲಿ. ಬಾಲ್ಯದ ಸಂಕಟವನ್ನು ಕಂಡುದು ದೊಡ್ಡಬಳ್ಳಾಪುರದಲ್ಲಿ. ಯೋಧನೆಂದು ಹೆಸರು ಪಡೆದುದು ದೇವನಹಳ್ಳಿಯಲ್ಲಿ. ಸ್ವತಂತ್ರ ದಂಡನಾಯಕನಾಗಿ ಗೆದ್ದ ಮೊದಲ ದೊಡ್ಡ ಪಾಳೆಯಪಟ್ಟುಗಳಲ್ಲೊಂದು ಚಿಕ್ಕಬಳ್ಳಾಪುರ. ಇಂದಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಗಳನ್ನೊಳಗೊಂಡ ಸೀಮೆಯೂ ಅದರ ನೆರೆಯ ಕೋಲಾರವೂ ಈ ಸೇನಾಪತಿಗೆ ಏನನ್ನು ಕಲಿಸಿದುವು, ಪ್ರತಿಯಾಗಿ ಅವನಿಂದ ಏನನ್ನು ಅನುಭವಿಸಿದುವು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧. ಸೀಮೆಯ ಸ್ವರೂಪ

ಸೈನ್ಯದ ಇತಿಹಾಸವನ್ನು ಬರೆಯುವವರು ಮೊದಲು ನೆಲವನ್ನು ನೋಡಬೇಕು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರುಗಳು ನಂದಿಬೆಟ್ಟದ ಆಸುಪಾಸಿನಲ್ಲಿಯೂ ಅದರ ಪೂರ್ವದ ಬೆಟ್ಟಸಾಲುಗಳಲ್ಲಿಯೂ ಹುಟ್ಟುವುವು. ಆದರೆ ಅವು ನೀರಿನಿಂದ ತುಂಬಿ ನದಿಗಳೆನಿಸಿಕೊಳ್ಳುವುದು ಗಡಿಯನ್ನು ದಾಟಿದ ಮೇಲೆಯೇ. ಇಲ್ಲಿಯ ಜನರು ಬದುಕಿದುದು ಕೆರೆಗಳಿಂದ. ಶಿಡ್ಲಘಟ್ಟದ ಗೌಡನಕೆರೆ, ಅಮ್ಮನಕೆರೆಗಳಂತೆ ಪ್ರತಿಯೊಂದು ಊರಿಗೂ ಒಂದೋ ಎರಡೋ ಕೆರೆಗಳುಂಟು. ಕೆರೆಯ ಕೆಳಗೆ ಬತ್ತ, ಮೇಲೆ ರಾಗಿ, ಅದರಾಚೆ ದನ ಮೇಯುವ ಹುಲ್ಲುಗಾವಲು, ಅಲ್ಲಲ್ಲಿ ತಲೆಯೆತ್ತಿ ನಿಂತ ಬಂಡೆಯ ಗುಡ್ಡಗಳು: ಇದು ಈ ನಾಡಿನ ಚಿತ್ರ.

ಇಂತಹ ನಾಡಿನಲ್ಲಿ ದೊಡ್ಡ ಸೈನ್ಯವೊಂದು ಒಂದೇ ಕಡೆ ಬಹಳ ದಿನ ನಿಲ್ಲಲಾರದು. ಕೆರೆಯ ನೀರು, ಮೆದೆಯ ಹುಲ್ಲು, ಹಗೇವಿನ ರಾಗಿ ಇವು ಮುಗಿದರೆ ಮುತ್ತಿಗೆ ಹಾಕಿದವನೇ ಹಸಿಯಬೇಕಾಗುವುದು. ಇತ್ತ ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡ ಪಾಳೆಯಗಾರನು ಬಂಡೆಯ ದೊಣೆಗಳಲ್ಲಿ ಮಳೆಯ ನೀರನ್ನೂ ಕಣಜದಲ್ಲಿ ಧಾನ್ಯವನ್ನೂ ತುಂಬಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲನು. ನಂದಿದುರ್ಗ, ಗುಡಿಬಂಡೆ, ಅಂಬಾಜಿದುರ್ಗ, ರಹಮಾನಗಡಗಳ ಮಹತ್ತ್ವಕ್ಕೆ ಇದೇ ಕಾರಣ. ಸಣ್ಣ ಪಾಳೆಯಪಟ್ಟುಗಳು ಮೊಗಲರು, ಮರಾಠರು, ಮೈಸೂರಿನವರು ಇವರೆಲ್ಲರ ನಡುವೆಯೂ ಶತಮಾನಗಳ ಕಾಲ ಉಳಿದುಕೊಂಡುದಕ್ಕೆ ಅವುಗಳ ಬಲಕ್ಕಿಂತ ಹೆಚ್ಚಾಗಿ ನೆಲದ ಈ ಗುಣವೇ ಆಧಾರವಾಗಿದ್ದಿತು.

ಈ ಪ್ರಭುಗಳಲ್ಲಿ ಮುಖ್ಯರಾದವರು ಆವತಿನಾಡಿನ ಮೊರಸು ಒಕ್ಕಲಿಗ ವಂಶದವರು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಗೌಡರು ಈ ಒಂದೇ ಮೂಲದ ಶಾಖೆಗಳಿಗೆ ಸೇರಿದವರು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯ ಬಂದಿತು. ಕೋಲಾರ, ಬೆಂಗಳೂರುಗಳು ಶಹಾಜಿಯ ಜಹಗೀರಿಗೆ ಸೇರಿದುವು. ೧೬೮೭ರಲ್ಲಿ ಮೊಗಲರು ಸಿರಾವನ್ನು ಮುಖ್ಯಸ್ಥಳವಾಗಿ ಮಾಡಿಕೊಂಡು ಏರ್ಪಡಿಸಿದ ಪ್ರಾಂತದ ಏಳು ಪರಗಣೆಗಳಲ್ಲಿ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರಗಳೂ ಇದ್ದುವು. ಈ ಸಿರಾ ಸರ್ಕಾರದ ಸೇವೆಯ ಮೂಲಕವೇ ಹೈದರಾಲಿಯ ಮನೆತನವು ಈ ನಾಡಿನ ಇತಿಹಾಸವನ್ನು ಪ್ರವೇಶಿಸುತ್ತದೆ.

೨. ಬೂದಿಕೋಟೆಯಿಂದ ದೇವನಹಳ್ಳಿಗೆ

ಫತೇಮಹಮ್ಮದನು ಸಿರಾದ ಸುಬೇದಾರನಲ್ಲಿ ಸೇವೆಗೆ ಸೇರಿ, ಕೋಲಾರದ ಫೌಜುದಾರನಾಗಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದನು. ಹೈದರನು ಹುಟ್ಟಿದ ವರ್ಷದ ವಿಷಯದಲ್ಲಿ ಗ್ರಂಥಕರ್ತರಲ್ಲಿ ಏಕಾಭಿಪ್ರಾಯವಿಲ್ಲ. ೧೭೨೦ರ ಆಚೀಚಿನ ಕೆಲವು ವರ್ಷಗಳೊಳಗೆ ಅದನ್ನು ಇಡುವುದು ವಾಡಿಕೆ. ಹುಡುಗನಿನ್ನೂ ಚಿಕ್ಕವನಾಗಿದ್ದಾಗಲೇ ಸಿರಾದ ಅಧಿಕಾರಕ್ಕಾಗಿ ನಡೆದ ಕಾಳಗದಲ್ಲಿ ತಂದೆ ಮಡಿದನು. ಆಗ ದೊಡ್ಡಬಳ್ಳಾಪುರದ ಜಹಗೀರುದಾರನಾಗಿದ್ದ ಅಬ್ಬಾಸ್ ಕುಲಿಖಾನನು, ಸತ್ತವನು ಉಳಿಸಿಹೋದ ಬಾಕಿಯ ನೆಪದಿಂದ ಆ ಸಂಸಾರದ ಸೊತ್ತನ್ನು ಕಿತ್ತುಕೊಂಡು, ಶಹಬಾಜ್, ಹೈದರ್ ಎಂಬ ಎಳೆಯ ಮಕ್ಕಳಿಬ್ಬರನ್ನೂ ಹಿಂಸೆಗೆ ಗುರಿಮಾಡಿದನು. ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಸೇವೆಯಲ್ಲಿದ್ದ ದಾಯಾದಿಯೊಬ್ಬನ ನೆರವಿನಿಂದ ತಾಯಿಯೂ ಮಕ್ಕಳೂ ಪಾರಾದರು. ಮಗನು ಅದನ್ನು ಮರೆಯಲಿಲ್ಲ. ೧೭೬೧ರಲ್ಲಿ ಅವನು ಸೈನ್ಯದೊಡನೆ ದೊಡ್ಡಬಳ್ಳಾಪುರದ ಮೇಲೆ ಬಂದಾಗ ಅಬ್ಬಾಸ್ ಕುಲಿಖಾನನು ಊರು ಬಿಟ್ಟು ಮದರಾಸಿಗೆ ಓಡಿದನು.

ಹೈದರನು ಓದುಬರಹವನ್ನು ಕಲಿಯಲಿಲ್ಲ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿಗಳಲ್ಲಿ ಮಾತನಾಡಬಲ್ಲವನಾಗಿದ್ದನು. ಲೆಕ್ಕಪತ್ರಗಳನ್ನು ಕಿವಿಯಿಂದ ಕೇಳಿ ನೆನಪಿನಲ್ಲಿಟ್ಟುಕೊಳ್ಳುವ ಅವನ ಶಕ್ತಿಯನ್ನು ಶತ್ರುಗಳೂ ಮೆಚ್ಚಿರುವರು. ಕನ್ನಡ, ತೆಲುಗುಗಳು ಬೆರೆತ ಗಡಿನಾಡಿನಲ್ಲಿ ಬೆಳೆದವನಿಗೆ ಹಲವು ನುಡಿಗಳು ಬರುವುದು ಸಹಜವೇ ಆದರೂ, ಬೇಡರು, ಮರಾಠ ಸವಾರರು, ರಜಪೂತರು, ಫ್ರೆಂಚರು ಕೂಡಿದ್ದ ಸೈನ್ಯವನ್ನು ಮುಂದೆ ನಡೆಸಬೇಕಾದವನಿಗೆ ಅದೊಂದು ದೊಡ್ಡ ಸಾಧನವಾಯಿತು.

೧೭೪೯ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು ದೇವನಹಳ್ಳಿಗೆ ಮುತ್ತಿಗೆ ಹಾಕಿದನು. ಅಣ್ಣ ಶಹಬಾಜನ ದಳದೊಡನೆ ತಾನಾಗಿಯೇ ಬಂದು ಸೇರಿದ್ದ ಹೈದರನು ಈ ಮುತ್ತಿಗೆಯಲ್ಲಿ ತೋರಿದ ಧೈರ್ಯವೂ ತಾಳ್ಮೆಯೂ ನಂಜರಾಜಯ್ಯನ ಕಣ್ಣಿಗೆ ಬಿದ್ದುವು. ೫೦ ಕುದುರೆ, ೨೦೦ ಕಾಲಾಳುಗಳ ಸಣ್ಣದೊಂದು ತುಕಡಿ ಅವನಿಗೆ ದೊರೆಯಿತು. ಆಗ ಅವನ ವಯಸ್ಸು ಮೂವತ್ತರ ಆಸುಪಾಸು. ದೇವನಹಳ್ಳಿಯ ಪಾಠ ಎರಡು ಬಗೆಯದು. ಸಾಧಾರಣವಾದೊಂದು ಕೋಟೆಯನ್ನು ಗೆಲ್ಲುವುದಕ್ಕೆ ಇಡೀ ಸೈನ್ಯವು ತಿಂಗಳುಗಟ್ಟಲೆ ಒದ್ದಾಡಬೇಕಾಯಿತೆಂಬುದು ಒಂದು. ಕಾಯುವ ಆ ದಿನಗಳಲ್ಲಿ ಸುತ್ತಲ ನಾಡಿನಿಂದ ಧಾನ್ಯ ಹುಲ್ಲುಗಳನ್ನು ತರುವವನೇ ಸೈನ್ಯದ ನಿಜವಾದ ಆಧಾರವೆಂಬುದು ಇನ್ನೊಂದು. ೧೭೫೦ರಲ್ಲಿ ಟಿಪ್ಪು ಹುಟ್ಟಿದುದು ಇದೇ ಊರಿನಲ್ಲಿ.

೩. ತುಕಡಿಯಿಂದ ದಂಡಿಗೆ

ಮುಂದಿನ ಹತ್ತು ವರ್ಷಗಳಲ್ಲಿ ಆ ತುಕಡಿಯು ದಂಡಾಗಿ ಬೆಳೆದುದು ಹೇಗೆಂಬುದು ಮುಖ್ಯವಾದ ಪ್ರಶ್ನೆ. ೧೭೫೦ರ ಡಿಸೆಂಬರಿನಲ್ಲಿ ನಾಸಿರ್‌ಜಂಗನು ಆರ್ಕಾಟಿನ ಸೀಮೆಯಲ್ಲಿ ಕೊಲೆಯಾದಾಗ ಉಂಟಾದ ಗೊಂದಲದಲ್ಲಿ ಹೈದರನ ಬೇಡರು ಖಜಾನೆಯ ಒಂಟೆಗಳನ್ನು ಹಿಡಿದು ತಂದರು. ಕದನದ ಬಳಿಕ ಓಡಿಬಂದ ಸಿಪಾಯಿಗಳ ಬಂದೂಕುಗಳೂ ಅವನಿಗೆ ದೊರೆತುವು. ನಂಜರಾಜಯ್ಯನು ತಿರುಚಿನಾಪಳ್ಳಿಗಾಗಿ ನಡೆಸಿದ ನಿಷ್ಫಲವಾದ ಹೋರಾಟದಲ್ಲಿ ಮೈಸೂರಿನ ಬೊಕ್ಕಸ ಬರಿದಾಯಿತು. ಹೈದರನಿಗೆ ಮಾತ್ರ ಅದು ಪಾಠಶಾಲೆಯಾಯಿತು. ಇಂಗ್ಲಿಷರ, ಫ್ರೆಂಚರ ಕಾಲಾಳುಗಳು ಸಾಲುಗಟ್ಟಿ ನಿಂತು ಗುಂಡು ಹಾರಿಸುವ ಕ್ರಮವನ್ನು ಅವನು ಅಲ್ಲಿ ಹತ್ತಿರದಿಂದ ಕಂಡನು.

೧೭೫೫ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿ ಫ್ರೆಂಚ್ ಕುಶಲಿಗಳ ನೆರವಿನಿಂದ ಮದ್ದುಗುಂಡುಗಳ ಕಾರ್ಖಾನೆಯನ್ನು ಏರ್ಪಡಿಸಿದನು. ಅವನು ಸೈನ್ಯವನ್ನು ಬೆಳೆಸಿದ ರೀತಿ ಹೀಗಿತ್ತು: ಲೂಟಿಗೆಂದು ಬಂದ ಸವಾರರಿಗೂ ಬೇಡರಿಗೂ ತಂದುದರಲ್ಲಿ ಅರ್ಧ, ಸರ್ಕಾರಕ್ಕೆ ಅರ್ಧ; ಲೆಕ್ಕ ಇಡುವವರು ಅವನ ನಂಬಿಕೆಯ ಬ್ರಾಹ್ಮಣ ಕರಣಿಕರು. ವಿಲ್ಕ್ಸ್ ಎಂಬ ಇತಿಹಾಸಕಾರನು ಹೇಳುವ ಪ್ರಸಂಗವೊಂದು ಸ್ವಾರಸ್ಯವಾಗಿದೆ. ಗಾಯಗೊಂಡ ಸೈನಿಕರಿಗೆ ಗುಣವಾಗುವವರೆಗೆ ಸರ್ಕಾರದಿಂದ ಭತ್ಯ ಸಲ್ಲುತ್ತಿತ್ತು. ಒಮ್ಮೆ ನಿಜವಾಗಿ ಗಾಯಗೊಂಡಿದ್ದವರು ೬೭ ಮಂದಿ. ಪರೀಕ್ಷೆಗೆ ಬಂದ ಅಧಿಕಾರಿಯ ಮುಂದೆ ಅರಿಸಿನದ ಬಟ್ಟೆ ಸುತ್ತಿಕೊಂಡು ಮಲಗಿದ್ದವರು ೭೦೦ ಮಂದಿ! ವಿಲ್ಕ್ಸನು ಇದನ್ನು ಮೋಸವೆಂದೇ ಹೇಳುತ್ತಾನೆ. ಅದು ಮೋಸವೇ ಹೌದು. ಆದರೆ ಸಂಬಳವು ಕಾಲಕ್ಕೆ ಸರಿಯಾಗಿ ದೊರೆಯದೆ ದಂಡುಗಳು ಅರಮನೆಯ ಬಾಗಿಲಿನಲ್ಲಿ ಧರಣಿ ಕೂರುತ್ತಿದ್ದ ಆ ಕಾಲದಲ್ಲಿ, ತನ್ನ ಆಳಿಗೆ ತಪ್ಪದೆ ಕೂಲಿ ಕೊಡಬಲ್ಲವನೇ ಸೇನಾಪತಿಯಾಗುವನೆಂಬ ನಿಜವನ್ನೂ ಅದು ತೋರಿಸುತ್ತದೆ.

ಆ ಸಂದರ್ಭವು ೧೭೫೮ರಲ್ಲಿ ಒದಗಿತು. ಮೈಸೂರಿನ ಸೈನ್ಯ ಬಾಕಿ ಸಂಬಳಕ್ಕಾಗಿ ದಂಗೆಯೆದ್ದಿದ್ದಾಗ ಹೈದರನು ಲೆಕ್ಕವನ್ನು ಪರಿಶೀಲಿಸಿ, ಹಣವನ್ನು ಹೊಂದಿಸಿ, ಅದನ್ನು ಶಮನಗೊಳಿಸಿದನು. ಬೆಂಗಳೂರು ಅವನ ಜಹಗೀರಾಯಿತು. ಮರುವರ್ಷ ಮರಾಠರ ಗೋಪಾಲರಾಯನು ದಂಡೆತ್ತಿ ಬಂದಾಗ ಅವರ ಧಾನ್ಯದ ದಾರಿಗಳನ್ನು ಕತ್ತರಿಸಿ, ಬೆಂಗಳೂರನ್ನು ಉಳಿಸಿಕೊಂಡು, ಹಣ ಕೊಟ್ಟು ಒಪ್ಪಂದ ಮಾಡಿಕೊಂಡನು. ಆ ಹಣಕ್ಕೂ ಸಾಹುಕಾರರಲ್ಲಿ ತಾನೇ ಹೊಣೆಗಾರನಾದನು. ೧೭೬೦ರಲ್ಲಿ ಅವನ ಹಿಂದಿನ ಸಹಾಯಕನಾದ ಖಂಡೇರಾಯನೇ ಅರಮನೆಯ ಪಕ್ಷ ವಹಿಸಿ ಅವನ ಬೀಡಿನ ಮೇಲೆ ಫಿರಂಗಿ ಹಾರಿಸಿದಾಗ, ಸಂಸಾರವನ್ನು ಅಲ್ಲಿಯೇ ಬಿಟ್ಟು ರಾತ್ರಿ ಹೊಳೆ ದಾಟಿ, ಆನೇಕಲ್ಲಿನ ದಾರಿಯಾಗಿ ಬೆಂಗಳೂರಿಗೆ ಓಡಿಬಂದನು. ಒಂದು ವರ್ಷದೊಳಗೆ, ಬಲಕ್ಕಿಂತ ಹೆಚ್ಚಾಗಿ ಕಪಟಪತ್ರಗಳ ನೆರವಿನಿಂದ ಖಂಡೇರಾಯನ ಸೈನ್ಯವನ್ನು ಚದುರಿಸಿ ೧೭೬೧ರಲ್ಲಿ ರಾಜ್ಯದ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡನು. ಒಡೆಯರು ಸಿಂಹಾಸನದ ಮೇಲೆ ಉಳಿದರು, ಆಡಳಿತ ಸೇನಾಪತಿಯದಾಯಿತು.

೪. ಚಿಕ್ಕಬಳ್ಳಾಪುರದ ಮುತ್ತಿಗೆ

ಅದೇ ವರ್ಷ ಅವನು ನಿಜಾಮನ ತಮ್ಮನಾದ ಬಸಾಲತ್‌ಜಂಗನೊಡನೆ ಕೂಡಿ ಹೊಸಕೋಟೆಯನ್ನೂ ಸಿರಾವನ್ನೂ ಗೆದ್ದು ಸಿರಾದ ನವಾಬನೆಂಬ ಬಿರುದನ್ನು ಪಡೆದನು. ಯಾವ ಸುಬೇದಾರಿಯ ಕೆಳಗೆ ತಂದೆಯು ಕೋಲಾರದ ಫೌಜುದಾರನಾಗಿದ್ದನೋ ಅದಕ್ಕೇ ಮಗನು ಒಡೆಯನಾದನು. ಸಿರಾದ ಹಕ್ಕು ದೊರೆತ ಮೇಲೆ ಅದಕ್ಕೆ ಕಪ್ಪ ಕೊಡಬೇಕಾಗಿದ್ದ ಪಾಳೆಯಗಾರರೆಲ್ಲರೂ ತನಗೆ ಬಗ್ಗಬೇಕೆಂಬುದು ಅವನ ವಾದ. ೧೭೬೨ರಲ್ಲಿ ದಂಡು ಚಿಕ್ಕಬಳ್ಳಾಪುರದ ಮೇಲೆ ನಡೆಯಿತು.

ಅಲ್ಲಿಯ ಪಾಳೆಯಗಾರನಾದ ಚಿಕ್ಕಪ್ಪಗೌಡನು ಊರಕೋಟೆಯನ್ನು ಹಿಡಿದು ನಿಂತು ಕಾದಿದನು. ಹಿಂದೆ ನಂದಿದುರ್ಗದ ಆಸರೆ. ಉತ್ತರದಲ್ಲಿ ಗುತ್ತಿಯ ಮರಾಠ ಸರದಾರನಾದ ಮುರಾರಿರಾಯ ಘೋರ್ಪಡೆಯ ಸ್ನೇಹ. ಮುತ್ತಿಗೆ ನಡೆಯುತ್ತಿರಲು ಮುರಾರಿರಾಯನು ನೆರವಿಗೆ ಬಂದನು. ಪಾಳೆಯಗಾರನು ದೊಡ್ಡ ಮೊತ್ತದ ಹಣಕ್ಕೆ ಒಪ್ಪಿದುದರಿಂದ ಹೈದರನು ಮುತ್ತಿಗೆಯನ್ನು ತೆಗೆದು ಹಿಂದೆ ಸರಿದನು. ಅವನು ಅತ್ತ ಹೋದೊಡನೆ ಇತ್ತ ಮುರಾರಿರಾಯನ ಸೈನಿಕರು ಕೋಟೆಯೊಳಗೆ ಸೇರಿದರು. ಸುದ್ದಿ ತಿಳಿದ ಹೈದರನು ಕೂಡಲೇ ತಿರುಗಿಬಂದು ಲಗ್ಗೆಯಿಟ್ಟು ಕೋಟೆಯನ್ನು ಹಿಡಿದನು. ಗೌಡನು ನಂದಿಯ ಬೆಟ್ಟವನ್ನು ಸೇರಿದನು.

ಸಮುದ್ರಮಟ್ಟದಿಂದ ಸುಮಾರು ೪,೮೫೦ ಅಡಿ ಎತ್ತರದ, ಮುಕ್ಕಾಲುಪಾಲು ಕಡಿದಾದ ಬಂಡೆಯೇ ಆದ ಆ ಬೆಟ್ಟವನ್ನು ಏರಿ ಗೆಲ್ಲುವ ಸಾಹಸಕ್ಕೆ ಹೈದರನು ಕೈಹಾಕಲಿಲ್ಲ. ದಾರಿಗಳನ್ನು ಕಟ್ಟುವಷ್ಟು ಸೈನ್ಯವನ್ನು ಬುಡದಲ್ಲಿ ಬಿಟ್ಟು, ಉಳಿದುದನ್ನು ತೆಗೆದುಕೊಂಡು ಮುರಾರಿರಾಯನ ಮೇಲೆ ನಡೆದು ಕೋಡಿಕೊಂಡ, ಪೆನುಕೊಂಡ, ಮಡಕಶಿರಾಗಳನ್ನು ವಶಮಾಡಿಕೊಂಡನು. ನೆರವು ಬರುವ ದಿಕ್ಕೇ ಹೀಗೆ ಮುಚ್ಚಿಹೋದ ಮೇಲೆ ಹಸಿವು ತನ್ನ ಕೆಲಸವನ್ನು ಮಾಡಿತು, ನಂದಿಯು ಕೈವಶವಾಯಿತು. ದೇವನಹಳ್ಳಿಯಲ್ಲಿ ಕಂಡ ತೊಡಕಿಗೆ ಹದಿಮೂರು ವರ್ಷಗಳ ಬಳಿಕ ಅವನು ಕಂಡುಕೊಂಡ ಉತ್ತರ ಇದು. ಕೋಟೆಯ ಮುಂದೆ ಇಡೀ ಸೈನ್ಯವನ್ನು ಕೂರಿಸಬಾರದು; ಕೋಟೆಗೆ ಆಧಾರವಾದವನನ್ನು ಬೇರೆಡೆ ಹೊಡೆಯಬೇಕು. ಬಂಡೆಯನ್ನು ಒಡೆಯುವುದಕ್ಕಿಂತ ಅದನ್ನು ಒಂಟಿಯಾಗಿಸುವುದು ಸುಲಭ.

ಚಿಕ್ಕಬಳ್ಳಾಪುರದೊಡನೆ ಅದಕ್ಕೆ ಸೇರಿದ್ದ ಶಿಡ್ಲಘಟ್ಟದ ಸೀಮೆಯೂ ಮೈಸೂರಿಗೆ ಸೇರಿತು. ಪಾಳೆಯಗಾರನು ಸಂಸಾರ ಸಮೇತನಾಗಿ ಬೆಂಗಳೂರಿನಲ್ಲಿಯೂ ಅನಂತರ ಕೊಯಮತ್ತೂರಿನಲ್ಲಿಯೂ ಸೆರೆಯಲ್ಲಿದ್ದನು. ಪಾಳೆಯಪಟ್ಟನ್ನು ಗೆದ್ದು, ಕಪ್ಪವನ್ನು ಗೊತ್ತುಮಾಡಿ, ಮತ್ತೆ ಅದೇ ಮನೆತನಕ್ಕೆ ಒಪ್ಪಿಸುವುದು ಹಳೆಯ ಪದ್ಧತಿ. ಹೈದರನು ಇಲ್ಲಿ ಅದನ್ನು ಮುರಿದನು. ರೈತನಿಗೂ ಅರಸನಿಗೂ ನಡುವೆ ಇದ್ದ ಗೌಡನು ಹೋಗಿ ಆ ಸ್ಥಾನಕ್ಕೆ ಸರ್ಕಾರದ ಅಮಲುದಾರನು ಬಂದನು. ಪಾಳೆಯಗಾರನ ಕಂದಾಚಾರದ ಆಳುಗಳಿಗೆ ಎರಡೇ ದಾರಿಗಳು: ಹೊಸ ಒಡೆಯನ ದಂಡಿಗೆ ಸೇರುವುದು, ಇಲ್ಲವೆ ಕತ್ತಿಯನ್ನಿಟ್ಟು ನೇಗಿಲು ಹಿಡಿಯುವುದು. ಸಣ್ಣ ಸಣ್ಣ ಯುದ್ಧಗಳ ಕಾಟ ಇದರಿಂದ ಕಡಮೆಯಾಯಿತೆನ್ನಬಹುದು. ಆದರೆ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಜಾತ್ರೆ ನಡೆಸಿ ಊರಿನೊಡನೆಯೇ ಬಾಳಿದ ಪ್ರಭುಮನೆತನವೊಂದು ಕಣ್ಮರೆಯಾದುದು ಸಣ್ಣ ನಷ್ಟವಲ್ಲ.

೫. ಸೈನ್ಯದ ಒಳವ್ಯವಸ್ಥೆ

೧೭೬೩ರಲ್ಲಿ ಬಿದನೂರು ವಶವಾಗಿ ಅದರ ಅಪಾರವಾದ ಸಂಪತ್ತು ಕೈಸೇರಿದ ಮೇಲೆ ಹೈದರನ ಸೈನ್ಯ ಪೂರ್ಣರೂಪವನ್ನು ತಳೆಯಿತು. ಅದರಲ್ಲಿ ಮುಖ್ಯವಾದ ಅಂಗಗಳು ನಾಲ್ಕು: ಕವಾಯತು ಕಲಿತ ಬಂದೂಕಿನ ಕಾಲಾಳು; ಸರ್ಕಾರದ ಕುದುರೆಗಳನ್ನೇರಿದ ಪಾಗಾ ರಾವುತರೂ ಸ್ವಂತ ಕುದುರೆಯ ಸಿಲ್ಲೆದಾರರೂ; ಐರೋಪ್ಯ ಗೋಲಂದಾಜರಿದ್ದ ಫಿರಂಗಿದಳ; ಬಾಣದವರ ದಳ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳುವಿಗೆ ಕಟ್ಟಿದ ಈ ಬಾಣಗಳು, ಕಾಗದ ಅಥವಾ ಬಿದಿರಿನ ಕೊಳವೆಯವುಗಳಿಗಿಂತ ದೂರ ಹಾರಿ ಕುದುರೆಗಳನ್ನೂ ಮದ್ದಿನ ಬಂಡಿಗಳನ್ನೂ ಕಂಗೆಡಿಸುತ್ತಿದ್ದುವು. ಫತೇಮಹಮ್ಮದನೂ ಒಮ್ಮೆ ಬಾಣದವರ ತುಕಡಿಯ ನಾಯಕನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಈ ಸೈನ್ಯದ ನಿಜವಾದ ಬಲವಿದ್ದುದು ಎತ್ತುಗಳಲ್ಲಿ. ಮೈಸೂರಿನ ಒಡೆಯರು ಬೆಣ್ಣೆಚಾವಡಿಯೆಂಬ ಹೆಸರಿನಿಂದ ಸಾಕಿಕೊಂಡು ಬಂದಿದ್ದ ಹಳ್ಳಿಕಾರ ತಳಿಯ ದನಗಳನ್ನು ಹೈದರನು ಬಹಳವಾಗಿ ಹೆಚ್ಚಿಸಿ ಫಿರಂಗಿ ಎಳೆಯುವುದಕ್ಕೂ ಸಾಮಾನು ಸಾಗಿಸುವುದಕ್ಕೂ ಬಳಸಿದನು. ಟಿಪ್ಪುವಿನ ಕಾಲದಲ್ಲಿ ಇದಕ್ಕೆ ಅಮೃತಮಹಲ್ ಎಂಬ ಹೆಸರಾಯಿತು. ೧೭೮೧ರಲ್ಲಿ ಚಿದಂಬರದ ಕಡೆಗೆ ಎರಡೂವರೆ ದಿನಗಳಲ್ಲಿ ೧೦೦ ಮೈಲಿಗಳನ್ನು ನಡೆದ ಅವನ ದಂಡಿನ ವೇಗಕ್ಕೆ ಈ ಎತ್ತುಗಳೇ ಕಾರಣವೆಂದು ಇಂಗ್ಲಿಷರೇ ಬರೆದಿದ್ದಾರೆ. ದಂಡಿನ ಹಿಂದೆ ಧಾನ್ಯದ ಹೇರುಗಳೊಡನೆ ಲಂಬಾಣಿಗಳು ನಡೆಯುತ್ತಿದ್ದರು.

೬. ಸ್ವಂತ ನಾಡಿನಲ್ಲಿ ಯುದ್ಧ: ೧೭೬೮

ಈ ವ್ಯವಸ್ಥೆಯು ಮೊದಲ ದೊಡ್ಡ ಪರೀಕ್ಷೆಗೆ ಒಳಗಾದುದು ಇಂಗ್ಲಿಷರೊಡನೆ ನಡೆದ ೧೭೬೭-೬೯ರ ಯುದ್ಧದಲ್ಲಿ. ೧೭೬೭ರ ಸೆಪ್ಟೆಂಬರಿನಲ್ಲಿ ಚಂಗಮ, ತಿರುವಣ್ಣಾಮಲೆಗಳಲ್ಲಿ ಕರ್ನಲ್ ಸ್ಮಿತ್ತನು ಹೈದರನನ್ನೂ ಅವನೊಡನಿದ್ದ ನಿಜಾಮನನ್ನೂ ಸೋಲಿಸಿದನು. ನಿಜಾಮನು ಪಕ್ಷ ಬದಲಾಯಿಸಿದನು. ಮರುವರ್ಷ ಇಂಗ್ಲಿಷರು ಘಟ್ಟ ಹತ್ತಿ ಮುಳಬಾಗಿಲು, ಕೋಲಾರ, ಹೊಸೂರುಗಳನ್ನು ಹಿಡಿದರು. ಹೊಸಕೋಟೆಯ ಬಳಿ ಮುರಾರಿರಾಯನೂ ಅವರನ್ನು ಸೇರಿದನು. ಆ ಆಗಸ್ಟಿನಲ್ಲಿ ಹೈದರನು ಮುರಾರಿರಾಯನ ಬೀಡಿನ ಮೇಲೆ ನಡೆಸಿದ ರಾತ್ರಿಯ ದಾಳಿ ಕೈಗೂಡಲಿಲ್ಲ.

ಸಾಲುಗಟ್ಟಿ ನಿಂತ ಇಂಗ್ಲಿಷ್ ಕಾಲಾಳನ್ನು ಬಯಲಿನಲ್ಲಿ ಎದುರಿಸಿ ಮುರಿಯುವುದು ಕಷ್ಟವೆಂಬುದು ಅವನಿಗೆ ಮನದಟ್ಟಾಯಿತು. ಆದರೆ ಆ ಕಾಲಾಳು ತಿನ್ನಬೇಕಲ್ಲವೆ? ಕರ್ನಾಟಕದ ನವಾಬನು ಒದಗಿಸುವೆನೆಂದಿದ್ದ ಧಾನ್ಯ ಬರಲಿಲ್ಲ. ಮದರಾಸಿನಿಂದ ಬಂದಿದ್ದ ಸಭಾಸದಸ್ಯರು ಸ್ಮಿತ್ತನ ಕೈ ಕಟ್ಟಿದ್ದರು. ಹೈದರನ ಕುದುರೆಗಳು ಸುತ್ತಲೂ ಸುಳಿಯುತ್ತ ಹುಲ್ಲಿಗೆ ಹೋದವರನ್ನು ಕಡಿಯುತ್ತಿದ್ದುವು. ಅಕ್ಟೋಬರ್ ೪ರಂದು ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್ಡನ ಸಣ್ಣ ಸೈನ್ಯವು ಅವನ ಕೈಗೆ ಸಿಕ್ಕಿಬಿದ್ದಿತ್ತು. ಸ್ಮಿತ್ತನ ಸೈನ್ಯವು ನೆರವಿಗೆ ಬಂದಿತೆಂದು ಭ್ರಾಂತಿ ಹುಟ್ಟುವಂತೆ ಬ್ರೂಕ್ ಎಂಬ ನಾಯಕನು ತನ್ನವರಿಂದ ಆ ಹೆಸರನ್ನು ಕೂಗಿಸಿದುದೇ ಅವರನ್ನು ಉಳಿಸಿತು.

ಕೊನೆಗೆ ಹೈದರನು ಚಿಕ್ಕಬಳ್ಳಾಪುರದಲ್ಲಿ ಕಲಿತ ಉಪಾಯವನ್ನೇ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದನು. ಎದುರಿಗಿದ್ದ ಸೈನ್ಯವನ್ನು ಬಿಟ್ಟು ಅದರ ಆಧಾರವನ್ನೇ ಹೊಡೆದನು. ೧೭೬೯ರ ಮಾರ್ಚಿನಲ್ಲಿ ೬,೦೦೦ ಕುದುರೆ, ೨೦೦ ಕಾಲಾಳುಗಳನ್ನು ಮಾತ್ರ ಆರಿಸಿಕೊಂಡು, ಫಿರಂಗಿಗಳನ್ನೂ ಸಾಮಾನನ್ನೂ ಹಿಂದಕ್ಕೆ ಕಳುಹಿಸಿ, ಮೂರೂವರೆ ದಿನಗಳಲ್ಲಿ ೧೩೦ ಮೈಲಿಗಳನ್ನು ಹಾದು ಮದರಾಸಿನ ಹೊರವಲಯದಲ್ಲಿ ಕಾಣಿಸಿಕೊಂಡನು. ಸ್ಮಿತ್ತನ ಸೈನ್ಯ ದೂರದಲ್ಲಿತ್ತು. ಏಪ್ರಿಲ್ ಮೊದಲಲ್ಲಿ ಒಪ್ಪಂದವಾಯಿತು: ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸಬೇಕು, ಒಬ್ಬರ ಮೇಲೆ ಶತ್ರು ದಂಡೆತ್ತಿದರೆ ಇನ್ನೊಬ್ಬರು ನೆರವಾಗಬೇಕು.

೭. ಸೋಲು, ಚೇತರಿಕೆ, ಕೊನೆಯ ಯುದ್ಧ

ಈ ಎರಡನೆಯ ಕರಾರನ್ನು ಇಂಗ್ಲಿಷರು ನಡೆಸಲಿಲ್ಲ. ಪೇಶವೆ ಮಾಧವರಾಯನು ೧೭೭೦ರಲ್ಲಿ ದಂಡೆತ್ತಿ ಬಂದು ಪೂರ್ವಸೀಮೆಯ ಕೋಟೆಗಳನ್ನು ಒಂದೊಂದಾಗಿ ಹಿಡಿದಾಗ ಮದರಾಸು ಸುಮ್ಮನಿದ್ದಿತು. ೧೭೭೧ರ ಮಾರ್ಚಿನಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನು ತನ್ನ ಜೀವಮಾನದ ಅತ್ಯಂತ ದಾರುಣವಾದ ಸೋಲನ್ನು ಅನುಭವಿಸಿದನು. ತಾನು ಇತರರ ಮೇಲೆ ಪ್ರಯೋಗಿಸುತ್ತಿದ್ದ ವೇಗದ ಕುದುರೆಯ ಯುದ್ಧವನ್ನು ತನಗಿಂತ ಬಲ್ಲವರು ತನ್ನ ಮೇಲೆಯೇ ಪ್ರಯೋಗಿಸಿದಾಗ ಅವನಿಗೆ ಉಳಿದ ಆಸರೆ ಶ್ರೀರಂಗಪಟ್ಟಣದ ಕೋಟೆಯೊಂದೇ. ಮಾಧವರಾಯನು ೧೭೭೨ರಲ್ಲಿ ತೀರಿಕೊಂಡು ಪುಣೆಯಲ್ಲಿ ಒಳಜಗಳವೆದ್ದ ಮೇಲೆ ಕಳೆದುಕೊಂಡುದನ್ನೆಲ್ಲ ಮರಳಿ ಪಡೆದನು. ೧೭೭೬ರಲ್ಲಿ ಗುತ್ತಿ ಬಿದ್ದಿತು. ಹಳೆಯ ಎದುರಾಳಿಯಾದ ಮುರಾರಿರಾಯನು ಕಬ್ಬಾಳದುರ್ಗದ ಸೆರೆಯಲ್ಲಿ ಪ್ರಾಣಬಿಟ್ಟನು. ೧೭೭೯ರಲ್ಲಿ ಚಿತ್ರದುರ್ಗವು ವಶವಾಗಿ ಅಲ್ಲಿಯ ಬೇಡರನೇಕರು ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು.

೧೭೮೦ರ ಜುಲೈಯಲ್ಲಿ ೮೦,೦೦೦ಕ್ಕೂ ಮೀರಿದ ಸೈನ್ಯದೊಡನೆ ಅವನು ಚಂಗಮದ ಕಣಿವೆಯಿಂದ ಕೆಳಗಿಳಿದನು. ಸೆಪ್ಟೆಂಬರ್ ೧೦ರಂದು ಕಂಚಿಯ ಬಳಿಯ ಪೊಳಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಪೂರ್ಣವಾಗಿ ನಾಶವಾಯಿತು. ಕೆಲವೇ ಮೈಲಿಗಳ ದೂರದಲ್ಲಿದ್ದ ಮನ್ರೋ ಅದನ್ನು ಸೇರಿಕೊಳ್ಳದಂತೆ ಎರಡೂ ದಂಡುಗಳ ನಡುವೆ ನುಗ್ಗಿದುದೇ ಜಯದ ಗುಟ್ಟು. ಭಾರತದಲ್ಲಿ ಇಂಗ್ಲಿಷರು ಅದುವರೆಗೆ ಅಂತಹ ಸೋಲನ್ನು ಕಂಡಿರಲಿಲ್ಲ. ಆದರೆ ೧೭೮೧ರ ಜುಲೈ ೧ರಂದು ಪರಂಗಿಪೇಟೆಯಲ್ಲಿಯೂ, ಅನಂತರ ಪೊಳಲೂರು, ಶೋಳಿಂಗಪುರಗಳಲ್ಲಿಯೂ ಸರ್ ಐರ್ ಕೂಟನು ಹೈದರನನ್ನು ಹಿಮ್ಮೆಟ್ಟಿಸಿದನು. ಗೆದ್ದರೂ ಕೂಟನು ಮುಂದುವರಿಯಲಾರದೆ ಹೋದನು, ಎತ್ತುಗಳಿಲ್ಲ, ಅಕ್ಕಿಯಿಲ್ಲ. ಸೋತರೂ ಹೈದರನು ಅಳಿಯಲಿಲ್ಲ. ಆದರೆ ಮದರಾಸಿಗೆ ಅಕ್ಕಿಯೂ ಸೈನಿಕರೂ ಬರುತ್ತಿದ್ದುದು ಸಮುದ್ರದಿಂದ. ನಂದಿಯ ದಾರಿಗಳನ್ನು ಮುಚ್ಚಿದಂತೆ ಕಡಲಿನ ದಾರಿಯನ್ನು ಮುಚ್ಚುವ ಶಕ್ತಿ ಅವನಿಗಿರಲಿಲ್ಲ. ಫ್ರೆಂಚರ ನೌಕಾಪಡೆಯಿಂದಲೂ ಅದು ಪೂರ್ತಿಯಾಗಿ ಸಾಧ್ಯವಾಗಲಿಲ್ಲ. ಒಳನಾಡಿನ ಕೆರೆ ಕೋಟೆಗಳ ನಡುವೆ ರೂಪುಗೊಂಡ ಯುದ್ಧವಿದ್ಯೆಯ ಎಲ್ಲೆ ಇದು. ಬೆನ್ನಿನ ಹುಣ್ಣಿನಿಂದ ನರಳಿ ೧೭೮೨ರ ಡಿಸೆಂಬರ್ ೭ರಂದು ನರಸಿಂಗರಾಯನಪೇಟೆಯ ಬೀಡಿನಲ್ಲಿ ಹೈದರನು ತೀರಿಕೊಂಡನು.

೮. ಉಪಸಂಹಾರ

ಹೈದರಾಲಿಯನ್ನು ಕುರಿತು ಬರೆದವರಲ್ಲಿ ಎರಡು ಪಂಗಡಗಳು. ಅಪಹಾರಿ, ಕ್ರೂರಿ ಎಂದವರು ಕೆಲವರು. ಪರಕೀಯರನ್ನು ಎದುರಿಸಿದ ವೀರನೆಂದವರು ಹಲವರು. ವಿಲ್ಕ್ಸನು ಗೆದ್ದವರ ಅಧಿಕಾರಿ; ಕೀರ್ಮಾನಿಯು ಆ ಮನೆತನದ ಸೇವಕ; ೧೭೮೪ರ ಕನ್ನಡದ ಹೈದರ್‌ನಾಮೆಯ ಕರ್ತೃವು ಆ ಕಾಲವನ್ನು ಕಣ್ಣಾರೆ ಕಂಡವನು. ಇವರ ಮಾತುಗಳನ್ನು ಒಂದರೊಡನೊಂದು ಹೋಲಿಸಿ ನೋಡುವ ವಿದ್ಯಾರ್ಥಿಗೆ ಎರಡು ತೀರ್ಪುಗಳೂ ಅರ್ಧಸತ್ಯಗಳೆಂದು ತೋರುವುವು. ಶತ್ರುವಿನ ಅನ್ನವನ್ನು ಕತ್ತರಿಸುವುದೇ ಈ ಸೇನಾಪತಿಯ ಮುಖ್ಯ ಆಯುಧ. ಆ ಆಯುಧವು ಶತ್ರುವಿನ ಸಿಪಾಯಿಯನ್ನು ಮುಟ್ಟುವುದಕ್ಕೆ ಮುಂಚೆ ನಡುವೆ ನಿಂತ ರೈತನನ್ನು ಮುಟ್ಟುತ್ತಿತ್ತು. ೧೭೮೦ರಲ್ಲಿ ಮದರಾಸು, ವೆಲ್ಲೂರುಗಳ ಸುತ್ತಲ ಹಳ್ಳಿಗಳು ಸುಟ್ಟುಹೋಗಿ, ಜನರೂ ದನಗಳೂ ಘಟ್ಟದ ಮೇಲಕ್ಕೆ 'ಸಾಗಿಸಲ್ಪಟ್ಟು', ಹಿಂದೆಯೇ ಕ್ಷಾಮ ಬಂದುದು ಈ ವಿಧಾನದ ಫಲ. ಯುದ್ಧತಂತ್ರವೆಂದು ಮೆಚ್ಚುವಾಗ ಅದರ ಬೆಲೆ ಕೊಟ್ಟವರನ್ನು ಮರೆಯಲಾಗದು.

ಈ ಸೀಮೆಯೂ ಆ ಬೆಲೆಯನ್ನು ಮತ್ತೆ ತೆರಬೇಕಾಯಿತು. ಹೈದರನೂ ಟಿಪ್ಪುವೂ ಬಲಪಡಿಸಿದ್ದ ನಂದಿದುರ್ಗಕ್ಕೆ ೧೭೯೧ರ ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿಯು ಮುತ್ತಿಗೆ ಹಾಕಿದನು. ಬೆಟ್ಟದ ಮೇಲೆ ಫಿರಂಗಿಗಳನ್ನೆಳೆದು, ಮೂರು ವಾರ ಗೋಡೆಯನ್ನು ಹೊಡೆದು, ಅಕ್ಟೋಬರ್ ೧೯ರ ಬೆಳಗಿನ ಜಾವದ ಬೆಳುದಿಂಗಳಿನಲ್ಲಿ ಜನರಲ್ ಮೆಡೋಸನ ನಾಯಕತ್ವದಲ್ಲಿ ಇಂಗ್ಲಿಷರು ಲಗ್ಗೆಯಿಟ್ಟು ಅದನ್ನು ಗೆದ್ದರು. ಮೇಲಿನಿಂದ ಉರುಳಿಬಂದ ಬಂಡೆಗಳೇ ಅವರಿಗೆ ಹೆಚ್ಚಿನ ಗಾಯಗಳನ್ನು ಮಾಡಿದುವು. ಆ ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸನು ಹಳೆಯ ಮನೆತನದ ನಾರಾಯಣಗೌಡನಿಗೆ ಚಿಕ್ಕಬಳ್ಳಾಪುರವನ್ನು ಕೊಡಲು ಮುಂದಾದನು. ಟಿಪ್ಪುವಿನ ಸೈನಿಕರು ಅದನ್ನು ಮತ್ತೆ ಕಿತ್ತುಕೊಂಡರು. ಪಾಳೆಯಪಟ್ಟು ಪುನಃ ತಲೆಯೆತ್ತಲಿಲ್ಲ.

ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರ್ಪಟ್ಟಿವೆ. ನಂದಿಬೆಟ್ಟಕ್ಕೆ ಜನ ಬರುವುದು ತಂಪಿಗಾಗಿ. ಶಿಡ್ಲಘಟ್ಟದ ಹೆಸರು ಹೊರಗೆ ತಿಳಿದಿರುವುದು ರೇಷ್ಮೆಗೂಡಿನ ಮಾರುಕಟ್ಟೆಯಿಂದ. ಆದರೂ ಈ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು, ನೀರೆಷ್ಟು, ಹುಲ್ಲೆಷ್ಟು, ಸಮೀಪದ ಗುಡ್ಡ ಎಷ್ಟು ದೂರ ಎಂದು ಒಮ್ಮೆ ಲೆಕ್ಕಹಾಕಿ ನೋಡುವುದು ಒಳ್ಳೆಯದು. ಓದು ಬಾರದ ಹೈದರನು ಓದಿದ ಪುಸ್ತಕ ಅದೇ. ಕೈಫಿಯತ್ತುಗಳನ್ನೂ ಶಾಸನಗಳನ್ನೂ ಊರೂರಿನ ಹೇಳಿಕೆಗಳನ್ನೂ ಆ ನೆಲದೊಡನೆ ಹೊಂದಿಸಿ ಓದಿದಲ್ಲಿ, ಸೇನಾಪತಿಯ ಚರಿತ್ರೆಯೊಂದಿಗೆ ಅವನ ದಂಡು ಹಾದುಹೋದ ಹಳ್ಳಿಗಳ ಚರಿತ್ರೆಯೂ ನಮಗೆ ದೊರಕುವುದು.